ಮುರಿಗೆಪ್ಪ ಮತ್ತು ಹೊರೆ ಕಾಣದ ಇಂಜಿನ್ನು

ಮುರಿಗೆಪ್ಪ ಮಣ್ಣಾಗಿ ತಿಂಗಳ ಮೇಲಾಯಿತು. ಅಂದು ಮಣ್ಣಿಗೆ ಬಂದವರೆಲ್ಲ ಅವನನ್ನು ‘ಇಂಜಿನ್ ಮುರಿಗೆಪ್ಪ’ ಎಂದೇ ನೆನೆದರು. ಸಂಕೇಶ್ವರದ ಕಡೆಯಿಂದ ಬಂದಿದ್ದ ಅವನ ಬೀಗರೊಬ್ಬರು ತಿರುಗಿ ಹೋಗುವಾಗ ಕೇಳಿದರು: “ಇಂಜಿನ್ ಅಂದ್ರ ಜೀವಾ ಬಿಡ್ತಿದ್ದ ಮನಶ್ಯಾ. ಅದನ್ನ ಬಿಟ್ಟು ಖಣಿ ತಳದಾಗ ಕಲ್ಲು ತುಂಬಾಕ ಯಾಕ ಇಳದಾ?” ಯಾರೂ ಸರಿಯಾಗಿ ಹೇಳಲಿಲ್ಲ. ಒಬ್ಬರು ಸಾವಕಾರರ ಸಿಟ್ಟು ಎಂದರು, ಇನ್ನೊಬ್ಬರು ಗ್ರಹಚಾರ ಎಂದರು. ನನಗೆ ಗೊತ್ತಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಅವನು ಹತ್ತರಗಿಯ ಒಕ್ಕಲುತನದ ಮನೆಯವನು. ಅಣ್ಣಂದಿರಿಗೆ ಹೊಲ ಸಾಕಾಗುತ್ತಿತ್ತು, ಇವನ ಪಾಲಿಗೆ ಎತ್ತು ಕಾಯುವ ಕೆಲಸ ಬಂದಿತ್ತು. ಅವರ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಅಂದು ಅವುಗಳ ಮೈ ತೊಳೆದು, ವಿಭೂತಿ ಹಚ್ಚಿ, ಕೈ ಮುಗಿದ ಮೇಲೆಯೇ ಮನೆಯವರ ಊಟ. ಬಸವಣ್ಣ ಹೊರುವುದು ನಮಗಾಗಿ, ಆದ್ದರಿಂದ ಆದಷ್ಟು ಕಡಿಮೆ ಹೊರಿಸಬೇಕು ಎಂದು ಅವರಪ್ಪ ಹೇಳುತ್ತಿದ್ದರಂತೆ. ಆ ಮಾತು ಮುರಿಗೆಪ್ಪನಿಗೆ ಅನ್ನದ ಜೊತೆಗೇ ಮೈಗೆ ಹತ್ತಿತ್ತು.

ಮೀಸೆ ಮೂಡುವ ವಯಸ್ಸಿಗೆ ಅವನು ಗೋಕಾಕ ಫಾಲ್ಸಿನ ಗಿರಣಿ ಸೇರಿದ. ಅಲ್ಲಿ ಧುಮುಕುವ ನೀರಿನಿಂದಲೇ ಕರೆಂಟು ತಯಾರಾಗುತ್ತಿತ್ತು. ಕರೆಂಟಿನ ಮನೆಯಲ್ಲಿ ರಾಜಪ್ಪನೆಂಬ ಫಿಟ್ಟರ್ ಇದ್ದರು. ಅವರ ಕೈಕೆಳಗೆ ಯಂತ್ರ ಒರೆಸಿ, ಎಣ್ಣೆ ಬಿಟ್ಟು, ತಂತಿ ಕಟ್ಟಿ ಕೆಲಸ ಕಲಿತ. ಆಮೇಲೆ ಹುಕ್ಕೇರಿಯಲ್ಲಿ ಹಿಟ್ಟಿನ ಗಿರಣಿಯ ಎಣ್ಣೆ ಇಂಜಿನ್ ನಡೆಸಿದ. ನಾನು ಅವನನ್ನು ಕಂಡದ್ದು ಅದಕ್ಕೂ ಮುಂದೆ, ಮೂಡಲಗಿಯ ಶಿದ್ಲಿಂಗಪ್ಪ ಸಾವಕಾರರ ಸುಣ್ಣದ ಕಲ್ಲಿನ ಖಣಿಯಲ್ಲಿ. ಮೂಡಲಗಿ ಸಾಲೆಯ ಮಾಸ್ತರಿಕೆ ಬಿಟ್ಟು ನಾನು ಆ ಖಣಿಗೆ ಕಾರಕೂನನಾಗಿ ಬಂದಿದ್ದೆ. ಎಲ್ಲರೂ ಕಡೆಯವರೆಗೆ ನನ್ನನ್ನು ಮಾಸ್ತರ ಎಂದೇ ಕರೆದರು, ಅವನೂ ಹಾಗೆಯೇ ಕರೆದ.

ಖಣಿ ಇದ್ದದ್ದು ಯಾದವಾಡದ ದಾರಿಯಲ್ಲಿ. ಸಾವಕಾರರು ಬೆಲ್ಲದ ವ್ಯಾಪಾರದವರು, ಕಲ್ಲಿನ ಕೆಲಸ ಅವರಿಗೆ ಹೊಸದು. ಒಳ್ಳೆಯ ಕಲ್ಲು ಆಳದಲ್ಲಿತ್ತು. ಆಳಕ್ಕೆ ಹೋದಂತೆ ನೀರು ಒಸರುತ್ತಿತ್ತು. ಎತ್ತು ಕಟ್ಟಿ ಚರ್ಮದ ಚೀಲದಿಂದ ಎಳೆದು ಹಾಕಿದರೂ ಮರುದಿನ ಮೊಣಕಾಲುದ್ದ ನಿಂತಿರುತ್ತಿತ್ತು. ಪಂಪು ತಳದಲ್ಲಿರಬೇಕು, ಇಂಜಿನ್ನಿಗೆ ಮಾತ್ರ ಗಾಳಿ ಬೇಕು, ಒಣ ನೆಲ ಬೇಕು. ಅದಕ್ಕಾಗಿ ಮೇಲೆ ಡೀಸೆಲ್ ಇಂಜಿನ್ ಹೂಡಿ, ಅದಕ್ಕೆ ಡೈನಮೋ ಕಟ್ಟಿ, ತಂತಿಯಲ್ಲಿ ಕರೆಂಟನ್ನು ಕೆಳಗಿಳಿಸುವುದೆಂದು ಠರಾವಾಯಿತು. ಇಂಜಿನ್ ಆರಿಸಿ ಕೊಳ್ಳುವುದಕ್ಕೆಂದೇ ಸಾವಕಾರರು ಮುರಿಗೆಪ್ಪನನ್ನು ಹುಕ್ಕೇರಿಯಿಂದ ಕರೆಸಿದರು. ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ವರ್ಷ ಅದು. ನಾವು ಮೂವರೂ ಕೊಲ್ಲಾಪುರಕ್ಕೆ ಹೋದೆವು.

ಅಂಗಡಿಯವ ಎರಡು ಇಂಜಿನ್ ತೋರಿಸಿದ, ಒಂದು ಸಣ್ಣದು, ಒಂದು ಅದರ ಎರಡರಷ್ಟು ಬಲದ್ದು. ಮರಾಠಿ ಬೆರೆಸಿದ ಕನ್ನಡದಲ್ಲಿ ಸ್ಪಷ್ಟವಾಗಿಯೇ ಹೇಳಿದ: “ಎರಡು ಪಂಪು, ಒಂದಿಷ್ಟು ದೀಪ ಅಂತೀರಿ. ಸಣ್ಣದು ಸಾಕು. ದೊಡ್ಡದು ಒಯ್ದ್ರ ಅದಕ್ಕ ತಕ್ಕ ಕೆಲಸಾ ಕೊಡಬೇಕಾಗತೈತಿ, ನೋಡ್ರಿ.”

ಮುರಿಗೆಪ್ಪ ದೊಡ್ಡದರ ಸುತ್ತ ಒಂದು ಸುತ್ತು ಬಂದ. ಸಂತೆಯಲ್ಲಿ ಎತ್ತಿನ ಬೆನ್ನು ಸವರುವ ಹಾಗೆ ಅದರ ಮೈಮೇಲೆ ಅಂಗೈ ಆಡಿಸಿದ.

“ಸಾವಕಾರ್ರ, ಇದನ್ನ ಒಯ್ಯೂಣ್ರಿ. ಸಣ್ಣ ಎತ್ತಿಗೆ ದೊಡ್ಡ ಹೊರಿ ಹೊರಿಸಿದ್ರ ಎರಡ ವರ್ಷದಾಗ ಮಲಗತೈತಿ. ದೊಡ್ಡ ಎತ್ತಿಗೆ ಸಣ್ಣ ಹೊರಿ ಅಂದ್ರ ಅದಕ್ಕ ಆಟಾ ಆಡಿಧಂಗ. ನನ್ನ ಮೊಮ್ಮಕ್ಕಳ ಕಾಲಕ್ಕೂ ಇರತೈತಿ.”

ಸಾವಕಾರರೂ ಒಕ್ಕಲುತನದ ಮನೆತನದಿಂದ ವ್ಯಾಪಾರಕ್ಕೆ ಬಂದವರೇ. ಮಾತು ಅವರಿಗೆ ತಟ್ಟಿತು. ನನಗೂ ಅದು ಸರಿಯೆನಿಸಿತ್ತು. ಅಂಗಡಿಯವ ನಕ್ಕು, ದೊಡ್ಡದು ಮಾರಿದ ಸಂತೋಷದಲ್ಲಿ ಚಹ ತರಿಸಿದ.

ಇಂಜಿನ್ ಮನೆ ಎದ್ದಿತು. ಮುರಿಗೆಪ್ಪ ಹೆಂಡತಿ ಅಕ್ಕವ್ವನನ್ನೂ ಮಕ್ಕಳನ್ನೂ ಕರೆತಂದು ಪಕ್ಕದಲ್ಲೇ ಜೋಪಡಿ ಹಾಕಿದ. ಬೆಳಿಗ್ಗೆ ಇಂಜಿನ್ ಶುರು ಮಾಡುವ ಮುಂಚೆ ಅದಕ್ಕೆ ವಿಭೂತಿಯ ಮೂರು ಬೆರಳು ಎಳೆಯುತ್ತಿದ್ದ. ಒಂದು ಪಂಪು ನಡೆಸಿ, ಇಂಜಿನ್ನಿಗೆ ವಿಶ್ರಾಂತಿ ಕೊಟ್ಟು, ಆಮೇಲೆ ಇನ್ನೊಂದು ನಡೆಸುತ್ತಿದ್ದ. ಎರಡನ್ನೂ ಕೂಡಿಸಿ ನಡೆಸುತ್ತಿದ್ದದ್ದು ಅಪರೂಪ. ಸೋಮವಾರ ಇಂಜಿನ್ನಿಗೆ ರಜೆ. ಅಂದು ಎಣ್ಣೆ ಸೋಸುವ ಜಾಳಿಗೆ ತೊಳೆದು, ಎಣ್ಣೆ ಬದಲಿಸಿ, ಬೋಲ್ಟು ಬಿಗಿ ಮಾಡಿ, ಕಾಯಿ ಒಡೆಯುತ್ತಿದ್ದ. ಖಣಿಯ ಜನ ಅಂದು ಇಂಜಿನ್ ಮನೆಯ ಮುಂದೆ ಸೇರಿ ಕೊಬ್ಬರಿ ಬೆಲ್ಲ ತಿಂದು ಹೋಗುತ್ತಿದ್ದರು. ಆ ಸೋಮವಾರ ಒಳ್ಳೆಯ ಪದ್ಧತಿಯಾಗಿತ್ತು. ಅದರಿಂದ ಇಂಜಿನ್ನಿಗೆ ಒಳ್ಳೆಯದೇ ಆಯಿತು.

ಕೆಟ್ಟದ್ದಾದದ್ದು ಉಳಿದ ದಿನಗಳಲ್ಲಿ. ಕಲ್ಲು ತುಂಬಿದ ಗಾಲಿ ಡಬ್ಬಿಯನ್ನು ಹಗ್ಗದಿಂದ ಇಳಿಜಾರಿನ ಮೇಲೆಳೆಯುವ ಕರೆಂಟಿನ ರಾಟೆಯೊಂದನ್ನು ಸಾವಕಾರರು ತರಿಸಿದ್ದರು. ಮುರಿಗೆಪ್ಪ ಅದನ್ನು ಜೋಡಿಸಗೊಡಲಿಲ್ಲ. “ನೀರು ಎಳದ ದಣೀತೈತ್ರಿ ಅದು. ಮತ್ತ ಕಲ್ಲೂ ಎಳಸಿದ್ರ ಹೆಂಗ್ರಿ?” ಎಂದ. ರಾಟೆ ತಗಡಿನ ಕೆಳಗೆ ಬಿದ್ದುಕೊಂಡಿತು. ಕಲ್ಲನ್ನು ಹೆಂಗಸರು ತಲೆಯ ಮೇಲೆ ಹೊತ್ತು ಮೇಲೆ ತರುತ್ತಿದ್ದರು. ಅವರಲ್ಲಿ ಭರಮವ್ವ ಎಂಬಾಕೆಗೆ ಬಾಯಿ ಚೂಪು. ಒಮ್ಮೆ ಬುಟ್ಟಿ ಇಳಿಸಿ, ಸಿಂಬೆ ಕೊಡವುತ್ತ ಅಂದಳು:

“ಮುರಿಗೆಪ್ಪಣ್ಣಾ, ನಿನ್ನ ಇಂಜಿನ್ನಿಗೆ ದಣುವಾಗತೈತಿ. ನಮ್ಮ ಕೊಳ್ಳು ಏನ ಕಬ್ಬಣದ್ದ ಅಂತ ತಿಳದೀಯೇನು?”

“ಏ ಭರಮವ್ವಾ, ಅದು ಬಾಯಿಲ್ಲದ್ದು.”

“ಬಾಯಿದ್ದವರು ಹೇಳಾಕತ್ತೇವಲ್ಲಾ, ಕೇಳು ಮತ್ತ!”

ಎಲ್ಲರೂ ನಕ್ಕರು. ಅವನೂ ನಕ್ಕ. ರಾಟೆ ಮಾತ್ರ ಅಲ್ಲೇ ಉಳಿಯಿತು.

ಎರಡನೆಯ ಮಳೆಗಾಲಕ್ಕೆ ಇಂಜಿನ್ನಿನ ರೀತಿ ಬದಲಾಯಿತು. ಹೊಗೆ ಕೊಳವೆಯ ಬಾಯಿಂದ ಡಾಂಬರಿನಂಥ ಕಪ್ಪು ಎಣ್ಣೆ ತೊಟ್ಟಿಕ್ಕತೊಡಗಿತು. ಬಿಳಿ ಹೊಗೆ, ಕಣ್ಣುರಿಸುವ ವಾಸನೆ. ಎರಡು ಪಂಪು ಕೂಡಿಸಿದರೆ ದೀಪಗಳು ಕೆಂಪಗಾಗಿ ಇಂಜಿನ್ ಏದುಸಿರು ಬಿಡುತ್ತಿತ್ತು. ಖಣಿಯಲ್ಲಿ ನೀರು ಏರಿತು. ಯುದ್ಧದ ಕಾಲ, ಬಿಡಿಭಾಗ ಸಿಗುವ ಮಾತಿಲ್ಲ. ನಾಲ್ಕು ದಿನ ಕೆಲಸ ನಿಂತರೆ ಜನರ ಒಲೆ ಉರಿಯುತ್ತಿರಲಿಲ್ಲ.

ಮುರಿಗೆಪ್ಪ ಇನ್ನಷ್ಟು ಜೋಪಾನ ಮಾಡಿದ. ಹೊರೆ ಇನ್ನಷ್ಟು ಕಡಿಮೆ ಮಾಡಿದ. ಅದು ಇನ್ನಷ್ಟು ಕೆಟ್ಟಿತು. ತಾನು ಇಷ್ಟು ನೋಡಿಕೊಂಡರೂ ಕೆಡಬೇಕಾದರೆ ದೋಷ ಎಣ್ಣೆಯಲ್ಲೇ ಇರಬೇಕೆಂದು ಅವನಿಗೆ ಖಾತ್ರಿಯಾಯಿತು. ಅಂಗಳದಲ್ಲಿ ನಿಲ್ಲಿಸಿದ್ದ ಪೀಪಾಯಿಯಿಂದ ಒಂದು ಬಾಟಲಿ ಎಣ್ಣೆ ತೆಗೆದು ಇಟ್ಟ. ಮರುದಿನ ನೋಡಿದರೆ ತಳದಲ್ಲಿ ಬೆರಳು ದಪ್ಪ ನೀರು.

ಆ ಎಣ್ಣೆಯನ್ನು ಗೋಕಾಕ ರೋಡ್ ಸ್ಟೇಷನ್ನಿನಿಂದ ಬಂಡಿಯಲ್ಲಿ ತರುತ್ತಿದ್ದವನು ಮೂಡಲಗಿಯ ಸತ್ಯಪ್ಪ. ದಾರಿಯಲ್ಲಿ ಎಣ್ಣೆ ಮಾರಿ ನೀರು ತುಂಬುತ್ತಾನೆ ಎಂದು ಮುರಿಗೆಪ್ಪ ಎಲ್ಲರ ಎದುರು ಬಾಟಲಿ ಎತ್ತಿ ಹಿಡಿದ. ಸಾವಕಾರರು ಅಲ್ಲೇ ಇದ್ದರು. ಸತ್ಯಪ್ಪ ಬಂಡಿಯಿಂದ ಇಳಿಯಲೂ ಇಲ್ಲ.

“ನನ್ನ ಎತ್ತಿನ ಆಣಿ, ಬಿರಡಿ ಬಿಚ್ಚಿಲ್ಲ ನಾ,” ಎಂದ. “ಮುರಿಗೆಪ್ಪಣ್ಣಾ, ಕೆಟ್ಟದ್ದು ನಿನ್ನ ಇಂಜಿನ್ನು. ನನ್ನ ಹೆಸರು ಯಾಕ ಕೆಡಸ್ತೀ?”

“ಹಂಗಾರ ಈ ನೀರು ಎಲ್ಲಿಂದ ಬಂತು, ಮುಗಲಿಂದ ಉದರಿತೇನು?”

ಸಾವಕಾರರು ಸತ್ಯಪ್ಪನಿಗೆ ಇನ್ನು ಬರಬೇಡವೆಂದರು. ಅವನು ಬಂಡಿ ತಿರುಗಿಸಿಕೊಂಡು ಹೋದ. ಮೂಡಲಗಿಯ ಸಂತೆಯಲ್ಲಿ ಅವನನ್ನು ‘ಎಣ್ಣಿ ಸತ್ಯಪ್ಪ’ ಎಂದು ಕರೆಯತೊಡಗಿದ್ದಾರೆಂದು ಬಲುಬೇಗ ಸುದ್ದಿ ಬಂತು. ಬೆಲ್ಲದ ಪೇಟೆಯವರು ಅವನ ಬಂಡಿಗೆ ಸಾಮಾನು ಹೇರುವುದನ್ನು ಬಿಟ್ಟರು.

ಬೇರೆ ಬಂಡಿಯವ ಬೇರೆ ಎಣ್ಣೆ ತಂದ. ಇಂಜಿನ್ ಹಾಗೆಯೇ ಇತ್ತು. ನೀರು ಪಂಪಿನ ಕೊರಳಿಗೆ ಬಂದಾಗ ಸಾವಕಾರರು ಖಣಿ ಬಿಟ್ಟುಬಿಡುವ ಮಾತೆತ್ತಿದರು. ಆಗ ಮುರಿಗೆಪ್ಪ ಫಾಲ್ಸಿಗೆ ಹೋಗಿ ತನ್ನ ಹಳೆಯ ಗುರು ರಾಜಪ್ಪನವರನ್ನು ಕರೆತಂದ.

ಮುದುಕ ಧೋತರ ಮೇಲಕ್ಕೆ ಕಟ್ಟಿ, ಹೊಗೆ ಕೊಳವೆ ಬಿಚ್ಚಿಸಿ, ಒಳಗೆ ಬೆರಳು ಹಾಕಿ ಕೆರೆದರು. ರೊಟ್ಟಿ ಹಂಚಿನ ಬೆನ್ನಿಗೆ ಹತ್ತಿದ ಮಸಿಯಂಥ ಪದರು ಕೈಗೆ ಬಂತು. ಆಗ ಅಲ್ಲಿ ಇದ್ದವರು ಅವರು, ಮುರಿಗೆಪ್ಪ ಮತ್ತು ನಾನು.

“ದಿನಾ ಎಷ್ಟು ಕೆಲಸಾ ಕೊಡ್ತೀದಿ ಇದಕ್ಕ?”

“ಭಾಳ ಕಡಿಮಿರಿ. ಜ್ವಾಕಿ ಮಾಡೇನ್ರಿ.”

“ಜ್ವಾಕಿ ಮಾಡೇ ಕೆಡಿಸೀದಿ, ಹುಚ್ಚಪ್ಪಾ! ಇದಕ್ಕ ಮೈ ಕಾದ್ರ ಉಂಡ ಎಣ್ಣಿ ಪೂರಾ ಸುಡತೈತಿ. ಕೆಲಸಾ ಇಲ್ಲ, ಮೈ ಕಾಯಂಗಿಲ್ಲ. ಅರ್ಧಾ ಸುಟ್ಟ ಎಣ್ಣಿ ಎದಿಯಾಗ ಗಟ್ಟಿ ಆಗೇತಿ. ಎತ್ತಲ್ಲೋ ಇದು. ಹೊರಿ ಇಲ್ಲಂದ್ರ ಸಾಯತೈತಿ.”

“ಎಣ್ಣ್ಯಾಗ ನೀರಿತ್ರಿ,” ಎಂದ ಮುರಿಗೆಪ್ಪ ಸಣ್ಣ ದನಿಯಲ್ಲಿ.

ರಾಜಪ್ಪ ಅಂಗಳದತ್ತ ನೋಡಿದರು. “ಪೀಪಾಯಿ ಮಳ್ಯಾಗ ಉದ್ದಕ ನಿಲ್ಲಿಸೀರಿ. ಬಿರಡಿ ಮ್ಯಾಲೆ ನೀರು ನಿಂತು ಸಂದ್ಯಾಗ ಇಳದೈತಿ. ಅಡ್ಡ ಮಲಗಸ್ರಿ. ಅಷ್ಟ ನೀರಿಗೆ ಇಷ್ಟ ಮಸಿ ಆಗಂಗಿಲ್ಲ.”

ಮುರಿಗೆಪ್ಪನ ಮುಖ ನಾನು ನೋಡಿದೆ. ರಾಜಪ್ಪನವರಿಗೆ ಸತ್ಯಪ್ಪನ ವಿಷಯ ಗೊತ್ತಿರಲಿಲ್ಲ. ಅವರು ಆಗಲೇ ಉಪ್ಪು ತರಲು ಹೇಳುತ್ತಿದ್ದರು.

ಒಂದು ದಿನವಿಡೀ ಮಸಿ ಕೆರೆದು, ಮರುದಿನ ಬೆಳಿಗ್ಗೆ ಇಂಜಿನ್ನಿಗೆ ಹೊರೆ ಹೊರಿಸುವ ಕೆಲಸ ನಡೆಯಿತು. ಎರಡು ಪಂಪು, ಇದ್ದಬದ್ದ ದೀಪಗಳೆಲ್ಲ. ಅಷ್ಟೂ ಸಾಲದೆಂದು ರಾಜಪ್ಪ ಒಂದು ಕಟ್ಟಿಗೆಯ ಪೀಪಾಯಿಗೆ ಉಪ್ಪುನೀರು ತುಂಬಿಸಿ, ಅದರಲ್ಲಿ ಎರಡು ಕಬ್ಬಿಣದ ಹಲಗೆ ಇಳಿಬಿಟ್ಟು, ತಂತಿ ಜೋಡಿಸಿದರು. ಹಲಗೆ ಆಳಕ್ಕೆ ಇಳಿಸಿದಷ್ಟೂ ನೀರು ಹೆಚ್ಚು ಕರೆಂಟು ಕುಡಿಯುತ್ತದೆ, ಇಂಜಿನ್ನಿಗೆ ಅಷ್ಟು ಹೊರೆ ಬೀಳುತ್ತದೆ. ಸುತ್ತ ಹಗ್ಗ ಕಟ್ಟಿ ಯಾರನ್ನೂ ಹತ್ತಿರ ಬಿಡಲಿಲ್ಲ. ಬಿಸಿಲಲ್ಲಿ ದೀಪ ಉರಿಯುವುದನ್ನೂ, ಬೆಂಕಿಯಿಲ್ಲದೆ ನೀರು ಕುದಿಯುವುದನ್ನೂ ಜನ ನಿಂತು ನೋಡಿದರು.

“ಉಪ್ಪು ಹಾಕ್ಯಾರ, ಬ್ಯಾಳಿ ಯಾವಾಗ ಹಾಕ್ತಾರ?” ಎಂದಳು ಭರಮವ್ವ.

ಇಂಜಿನ್ನಿನ ದನಿ ಬದಲಾಯಿತು. ಒಳಗಿಂದ ಕೆಮ್ಮಿದಂತಾಗಿ ಕೊಳವೆಯಿಂದ ಕರಿ ಹೊಗೆ ಮುಗಿಲಿಗೆ ಎದ್ದಿತು. ಹಿಂದೆಯೇ ಕಿಡಿಗಳು, ಹೊತ್ತಿಕೊಂಡ ಮಸಿಯ ತುಣುಕುಗಳು. ಜನ ಕೂಗಿಕೊಂಡು ಓಡಿದರು. ಮುರಿಗೆಪ್ಪ ಎಣ್ಣೆ ನಿಲ್ಲಿಸಲು ಕೈ ಚಾಚಿದ. ರಾಜಪ್ಪ ಆ ಕೈ ಹಿಡಿದರು.

“ಬಿಡ್ರಿ, ಸಾಯತೈತ್ರಿ ಅದು!”

“ಸಾಯಾಕತ್ತಿಲ್ಲೋ, ಉಗಳಾಕತ್ತೈತಿ. ಉಗಳಲಿ ಬಿಡು.”

ಅವನ ಕಣ್ಣಲ್ಲಿ ನೀರು ಬಂದಿತ್ತು. ಹೊಗೆಯಿಂದಲೋ ಏನೋ. ಮಧ್ಯಾಹ್ನದ ಹೊತ್ತಿಗೆ ಕಿಡಿ ನಿಂತು, ಹೊಗೆ ತೆಳುವಾಗಿ, ಇಂಜಿನ್ ಗಂಭೀರವಾದ ಒಂದೇ ದನಿಯಲ್ಲಿ ನಡೆಯತೊಡಗಿತು. ದೀಪಗಳು ಬೆಳ್ಳಗೆ ಉರಿದವು. ಖಣಿಯ ನೀರು ಇಳಿಯಿತು.

ಸಾವಕಾರರು ಬಂದು ನೋಡಿ ಹಿಗ್ಗಿದರು. “ನಾ ಹೇಳಿರಲಿಲ್ಲೇನ? ಆ ಸತ್ಯಪ್ಪ ಹ್ವಾದ, ಶುದ್ಧ ಎಣ್ಣಿ ಬಂತು, ಇಂಜಿನ್ ಸುಧಾರಿಸ್ತು,” ಎಂದರು. ರಾಜಪ್ಪ ಆಗಲೇ ಫಾಲ್ಸಿನ ದಾರಿ ಹಿಡಿದಿದ್ದರು. ಮುರಿಗೆಪ್ಪ ಕೈಯಲ್ಲಿದ್ದ ಅರಿವೆಯಿಂದ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ ನಿಂತ.

ಅವನಿಗೆ ಆ ಇಂಜಿನ್ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಹೊಲದ ಪಾಲನ್ನು ಅಣ್ಣಂದಿರಿಗೇ ಬಿಟ್ಟುಕೊಟ್ಟಿದ್ದ. ನಿಜ ಹೇಳಿದರೆ ಸಾವಕಾರರು ಅವನನ್ನು ಅದರ ಹತ್ತಿರ ಉಳಿಸುವುದು ಸಾಧ್ಯವಿರಲಿಲ್ಲ. ಹೇಳದಿದ್ದರೆ ಸತ್ಯಪ್ಪ ಸಾಯುವ ತನಕ ಎಣ್ಣೆ ಕಳ್ಳನೇ. ಆ ವಾರ ಅವನು ಸರಿಯಾಗಿ ಉಣ್ಣಲಿಲ್ಲ. ಅಕ್ಕವ್ವ ನನ್ನ ಹತ್ತಿರ ಬಂದು, “ಮಾಸ್ತರ್ರ, ಇಂಜಿನ್ ಚಲೋ ಆತು, ಇವರಿಗೆ ಏನಾಗೇತ್ರಿ?” ಎಂದು ಕೇಳಿದಳು. ನಾನು ಅವನನ್ನೇ ಕೇಳಿದೆ. ಅವನು, “ಬರ್ರಿ, ಮೂಡಲಗಿಗೆ ಹೋಗಿ ಬರೂಣು,” ಎಂದ.

ಸತ್ಯಪ್ಪ ಮನೆಯ ಮುಂದೆ ಬಂಡಿಯ ಗಾಲಿಗೆ ಎಣ್ಣೆ ಹಚ್ಚುತ್ತಿದ್ದ. ನಮ್ಮನ್ನು ಕಂಡು ಏಳಲಿಲ್ಲ. ಅವನ ತಾಯಿ ಮಾತ್ರ ಒಳಗಿನಿಂದ ನೀರಿನ ತಂಬಿಗೆ ತಂದಿಟ್ಟಳು.

“ಸತ್ಯಪ್ಪಾ, ತಪ್ಪು ನಂದು,” ಎಂದ ಮುರಿಗೆಪ್ಪ ನಿಂತಲ್ಲೇ. “ಇಂಜಿನ್ ನಾನ ಕೆಡಿಸೇನಿ. ನೀರು ನಮ್ಮ ಅಂಗಳದಾಗ ಇಳದದ್ದು. ನಿನ್ನ ಕೈಲೆ ಏನೂ ಆಗಿಲ್ಲ.”

ಸತ್ಯಪ್ಪ ಗಾಲಿ ತಿರುಗಿಸುತ್ತಲೇ ಇದ್ದ. “ಇದನ್ನ ಹೇಳಾಕ ಇಲ್ಲಿ ತನಕಾ ಯಾಕ ಬಂದೀ? ನನಗ ಮೊದಲ ಗೊತ್ತೈತಿ.”

“ತಪ್ಪಾತು ಅನ್ನಾಕ ಬಂದೆ.”

“ಕಳ್ಳ ಅಂದದ್ದು ಎಲ್ಲಿ? ಖಣ್ಯಾಗ, ಎಲ್ಲಾರ ಮುಂದ. ಅಲ್ಲ ಅನ್ನೂದನ್ನ ನನ್ನ ಮನಿ ಮುಂದ ಸಣ್ಣ ದನ್ಯಾಗ ಅಂದ್ರ ಹೆಂಗ? ಒಯ್ದು ಅಲ್ಲೇ ಅನು, ಹೋಗು.”

ತಾಯಿ, “ಏ, ಮನಿಗೆ ಬಂದವರಿಗೆ ಹಂಗ ಅಂತಾರೇನೋ,” ಎಂದಳು. ಮುರಿಗೆಪ್ಪ, “ಅಂವ ಅನ್ನೂದು ಖರೆ ಐತ್ರೆವ್ವಾ,” ಎಂದು ನೀರು ಕುಡಿದು ಹೊರಟ. ದಾರಿಯಲ್ಲಿ ಕೇಳಿದ: “ಸೋಮವಾರ ಎಲ್ಲಾರೂ ಕೂಡತಾರ, ಅಲ್ಲೇನ್ರಿ ಮಾಸ್ತರ?”

ಸೋಮವಾರ ಕಾಯಿ ಒಡೆದಾದ ಮೇಲೆ ಅವನು ಕೊಬ್ಬರಿ ಹಂಚಲಿಲ್ಲ. ತಟ್ಟೆ ಕೆಳಗಿಟ್ಟು, ಜನರ ಕಡೆ ತಿರುಗಿ ಹೇಳಿದ. ದೊಡ್ಡ ಇಂಜಿನ್ ಆರಿಸಿದ್ದು ತಾನು. ಎತ್ತೆಂದು ತಿಳಿದು ಹೊರೆ ಕೊಡದೆ ಕೆಡಿಸಿದ್ದು ತಾನು. ಪೀಪಾಯಿ ಮಳೆಯಲ್ಲಿ ನಿಲ್ಲಿಸಿದ್ದೂ ತಾನೇ. ಸತ್ಯಪ್ಪ ಒಂದು ಹನಿ ಕದ್ದಿಲ್ಲ. ಅವನಿಗೆ ಭಾಷಣ ಬರುತ್ತಿರಲಿಲ್ಲ. ಹೇಳಿದ್ದನ್ನೇ ಎರಡು ಸಲ ಹೇಳಿದ. ಕಡೆಗೆ, “ಇದನ್ನ ಸಂತ್ಯಾಗೂ ಹೇಳ್ರಿ,” ಎಂದ.

ಸಾವಕಾರರ ಮುಖ ಕಪ್ಪಿಟ್ಟಿತು. ಸತ್ಯಪ್ಪನನ್ನು ಕೆಲಸದಿಂದ ಬಿಡಿಸಿದ್ದು ಅವರೇ ಆದ್ದರಿಂದ ಅವಮಾನ ಅವರದೂ ಆಗಿತ್ತು.

“ಆರಿಸಿದವ ನೀನ, ಕೆಡಿಸಿದವ ನೀನ, ಇನ್ನೊಬ್ಬನ ತಲಿಗೆ ಕಟ್ಟಿದವನೂ ನೀನ. ನಾಳಿಂದ ಈ ಇಂಜಿನ್ ಮನ್ಯಾಗ ಕಾಲಿಡಬ್ಯಾಡ.”

ಆಗ ಭರಮವ್ವ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

“ಸಾವಕಾರ್ರ, ಸಿಟ್ಟು ಆಮ್ಯಾಲೆ ಮಾಡ್ರಿ. ಇಂಜಿನ್ನಿಗೆ ಹೊರಿ ಬೇಕಂತಲ್ಲಾ? ಎರಡ ವರ್ಷಾತು, ಅದರ ಹೊರಿ ನಾವು ಹೊತ್ತೇವಿ. ಆ ರಾಟಿ ಕೂಡಸ್ರಿ ಮೊದಲ.”

ಒಬ್ಬ ನಕ್ಕ, ಆಮೇಲೆ ಹಲವರು ನಕ್ಕರು. ಸಾವಕಾರರು ನಗಲಿಲ್ಲ. ಆದರೆ ವ್ಯಾಪಾರಸ್ಥರಿಗೆ ಲೆಕ್ಕ ಬೇಗ ತಿಳಿಯುತ್ತದೆ. ರಾಟೆ ತಗಡಿನ ಕೆಳಗಿಂದ ಹೊರಬಂತು. ಇಂಜಿನ್ ನಡೆಸಲು ಕೊಲ್ಲಾಪುರದಿಂದ ಬೇರೆ ಡ್ರೈವರ್ ಬಂದ. ಸತ್ಯಪ್ಪನಿಗೆ ಸಾವಕಾರರು ತಾವೇ ಹೇಳಿಕಳಿಸಿದರು. ಅವನು ಬಂದು ಮತ್ತೆ ಎಣ್ಣೆ ತರತೊಡಗಿದ. ಪೇಟೆಯ ಸಾಮಾನೂ ಅವನ ಬಂಡಿಗೆ ತಿರುಗಿ ಬಂತು. ಮುರಿಗೆಪ್ಪನ ಜೊತೆ ಅವನು ಬಹಳ ಕಾಲ ಮಾತಾಡಲಿಲ್ಲ. ಎದುರಾದರೆ ತಲೆಯಾಡಿಸುತ್ತಿದ್ದ, ಅಷ್ಟೇ. ಅದು ಅವನ ಹಕ್ಕು ಎಂದು ಮುರಿಗೆಪ್ಪ ಹೇಳುತ್ತಿದ್ದ.

ಮುರಿಗೆಪ್ಪನನ್ನು ಹುಕ್ಕೇರಿಯ ಗಿರಣಿಯವರು ಕರೆದರು. ಹೋಗಬಹುದಿತ್ತು. ಅವನು ಸಾವಕಾರರ ಹತ್ತಿರ ಹೋಗಿ, ಖಣಿಯಲ್ಲಿ ಯಾವ ಕೆಲಸವಿದ್ದರೂ ಕೊಡಿ ಎಂದು ಕೇಳಿದ. ಅವರು ತಳದಲ್ಲಿ ರಾಟೆಯ ಡಬ್ಬಿಗೆ ಕಲ್ಲು ತುಂಬುವ ಕೆಲಸ ಕೊಟ್ಟರು. ಅವಮಾನವಾಗಲಿ ಎಂದೇ ಕೊಟ್ಟರೋ ಏನೋ. ಅವನು ಮರುದಿನವೇ ಇಳಿದ. ನಾನು ಒಮ್ಮೆ ಸಿಟ್ಟಿನಿಂದಲೇ ಕೇಳಿದೆ, ಹುಕ್ಕೇರಿಯಲ್ಲಿ ಇಂಜಿನ್ನೇ ಇತ್ತಲ್ಲ ಎಂದು. “ಅದು ಬ್ಯಾರೇದ್ರಿ ಮಾಸ್ತರ. ಕೆಡಿಸಿದ್ದು ಇದನ್ನ,” ಎಂದ.

ಯುದ್ಧ ಮುಗಿದ ಮೇಲೆ ಆ ಡ್ರೈವರ್ ಕೆಲಸ ಬಿಟ್ಟು ಹೋದ. ಸಾವಕಾರರ ಸಿಟ್ಟು ಆ ಹೊತ್ತಿಗೆ ಆರಿತ್ತು. ತಾವೇ ಖಣಿಯ ಅಂಚಿಗೆ ಬಂದು, “ಮ್ಯಾಲೆ ಬಾರಪಾ ಮುರಿಗೆಪ್ಪಾ, ಇಂಜಿನ್ ನೋಡಿಕೋ,” ಎಂದು ಕರೆದರು. ಅವನು ಹತ್ತಿ ಬಂದ. ಆದರೆ ಅರ್ಧ ದಾರಿಗೆ ಎರಡು ಸಲ ಕೂತ. ಸುಣ್ಣದ ಕಲ್ಲಿನ ಧೂಳು ಅಷ್ಟರಲ್ಲಿ ಅವನ ಎದೆಗೆ ಇಳಿದಿತ್ತು. ಇಂಜಿನ್ನಿನ ದೊಡ್ಡ ಗಾಲಿ ತಿರುಗಿಸಿ ಶುರು ಮಾಡುವ ಕಸುವು ತೋಳಿನಲ್ಲಿ ಉಳಿದಿರಲಿಲ್ಲ. ಪ್ರಯತ್ನಿಸಿ ನೋಡಿದ, ಆಗಲಿಲ್ಲ. ಹೊಸಬನೊಬ್ಬ ಬಂದ. ಮುರಿಗೆಪ್ಪ ಸೋಮವಾರಕ್ಕೊಮ್ಮೆ ಅವನ ಪಕ್ಕದಲ್ಲಿ ಕೂತು ಜಾಳಿಗೆ ತೊಳೆದುಕೊಡುತ್ತಿದ್ದ. ಕೆಮ್ಮು ಹೆಚ್ಚಾಗಿ ಅದೂ ನಿಂತಿತು. ಈ ಕಾರ್ತಿಕದಲ್ಲಿ ತೀರಿಕೊಂಡ. ಮಣ್ಣಿಗೆ ಸತ್ಯಪ್ಪನೂ ಬಂದಿದ್ದ. ಹೆಗಲು ಕೊಟ್ಟ, ಮಣ್ಣು ಹಾಕಿ ಹೋದ.

ಬೀಗರ ಪ್ರಶ್ನೆಗೆ ಉತ್ತರ ಇಷ್ಟು. ಅವನನ್ನು ನೆನೆದಾಗ ನನಗೆ ಕಾಣುವುದು ಖಣಿಯ ತಳ. ಕಲ್ಲು ತುಂಬಿ, ಮೇಲಕ್ಕೆ ಕೈಸನ್ನೆ ಮಾಡುತ್ತಿದ್ದ. ಹಗ್ಗ ಬಿಗಿಯುತ್ತಿತ್ತು. ಹೊರೆ ಬಿದ್ದೊಡನೆ ಮೇಲೆ ಇಂಜಿನ್ನಿನ ದನಿ ದಪ್ಪಗಾಗುತ್ತಿತ್ತು. ಡಬ್ಬಿ ಅಂಚು ಮುಟ್ಟುವ ತನಕ ಅವನು ಮುಂದಿನ ಕಲ್ಲಿಗೆ ಕೈ ಹಾಕುತ್ತಿರಲಿಲ್ಲ. ಮುಖ ಮೇಲೆತ್ತಿ ಕೇಳುತ್ತ ನಿಂತಿರುತ್ತಿದ್ದ.